ನನ್ನ ಮೆಟ್ಟಿಲನ್ನು ಕಾಯ್ದಿಟ್ಟ ಅಕ್ಕೋರು

ನಮ್ಮ ಹಾವೇರಿ ಕಡೆ ಪ್ರಾಥಮಿಕ ಶಾಲೆಯ ಶಿಕ್ಷಕಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಅಕ್ಕೋರು’ ಎನ್ನುತ್ತೇವೆ. ಮಕ್ಕಳಿಗೂ ಅವರು ಅಕ್ಕೋರು, ಮಕ್ಕಳ ಅವ್ವ-ಅಪ್ಪನಿಗೂ ಅಕ್ಕೋರು, ಬಸ್ಸಿನ ಕಂಡಕ್ಟರಿಗೂ ಅಕ್ಕೋರು. ಹಾನಗಲ್ ತಾಲ್ಲೂಕಿನ ನಮ್ಮ ಆಡೂರಿನಲ್ಲಿ ನನಗೆ ಮೊದಲ ಅಕ್ಷರ ಕಲಿಸಿದ ಅಕ್ಕೋರು ಈ ಮಳೆಗಾಲದಲ್ಲಿ ತೀರಿಕೊಂಡರು. ಅವರು ನಿವೃತ್ತರಾಗಿ ನಾಲ್ಕು ವರ್ಷವಷ್ಟೇ ಆಗಿತ್ತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಊರಿನವರಿಗೆ ಅದರ ಅಗತ್ಯವಿಲ್ಲ. ಉಳಿದವರು ಇದನ್ನು ಓದುವಾಗ ತಮ್ಮ ತಮ್ಮ ಅಕ್ಕೋರ ಹೆಸರನ್ನು ಇಲ್ಲಿ ಇಟ್ಟುಕೊಂಡರೆ ನನಗೆ ಸಂತೋಷ.

ಸುದ್ದಿ ಗೊತ್ತಾದ ದಿನ ಊರಿನ ವಾಟ್ಸ್‌ಆ್ಯಪ್ ಗುಂಪು ‘ಓಂ ಶಾಂತಿ’ಯಿಂದ, ಕೈಮುಗಿದ ಚಿತ್ರಗಳಿಂದ ತುಂಬಿಹೋಯಿತು. ಟ್ರ್ಯಾಕ್ಟರ್ ಓಡಿಸುವವರು, ಕಿರಾಣಿ ಅಂಗಡಿಯವರು, ಬೆಂಗಳೂರಿನಲ್ಲಿ ನರ್ಸ್ ಆಗಿರುವ ಅಕ್ಕ, ಸೈನ್ಯದಲ್ಲಿರುವ ಅಣ್ಣ ಎಲ್ಲರೂ ಎರಡೆರಡು ಸಾಲು ಬರೆದರು. ನಾನು ಒಂದು ವಿಷಯ ಗಮನಿಸಿದೆ. ‘ಅಕ್ಕೋರು ನನಗೆ ಒಳ್ಳೆಯ ಮಾರ್ಕ್ಸ್ ಬರುವಂತೆ ಮಾಡಿದರು’ ಎಂದು ಒಬ್ಬರೂ ಬರೆದಿರಲಿಲ್ಲ. ‘ನನಗೆ ತಲೆಗೆ ಹತ್ತುತ್ತಿರಲಿಲ್ಲ, ಅಕ್ಕೋರು ಬೈಯಲಿಲ್ಲ’ ಎಂದು ಬರೆದವರು ಮಾತ್ರ ಬಹಳ ಮಂದಿ ಇದ್ದರು.

ಆ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. ಪ್ರಾಥಮಿಕ ಶಾಲೆಯ ಮೊದಲ ಮೂರು ವರ್ಷ ಕಲಿಸುವುದು ಇಡೀ ವಿದ್ಯಾಭ್ಯಾಸದಲ್ಲೇ ಅತ್ಯಂತ ಕಷ್ಟದ ಕೆಲಸ ಎಂಬುದು ನನ್ನ ಅಭಿಪ್ರಾಯ. ಅದೇ ಕೆಲಸಕ್ಕೆ ನಮ್ಮಲ್ಲಿ ಅತಿ ಕಡಿಮೆ ಬೆಲೆ. ನನ್ನ ವಯಸ್ಸಿನವರು, ಅಂದರೆ ಕಾಲೇಜಿನಲ್ಲಿ ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು ಇದನ್ನು ಯೋಚಿಸಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಹೇಳುತ್ತೇನೆ. ನಮಗೆ ಹೊಲವಿಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ-ಅವ್ವ ದೀಪಾವಳಿ ಮುಗಿದ ಮೇಲೆ ಮಲೆನಾಡಿನ ಕಾಫಿ ತೋಟಕ್ಕೆ ಹಣ್ಣು ಬಿಡಿಸಲು ಹೋಗುತ್ತಿದ್ದರು. ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಿದ್ದ. ತಿರುಗಿ ಬರುವುದು ಶಿವರಾತ್ರಿ ಹೊತ್ತಿಗೆ. ಅಷ್ಟು ತಿಂಗಳು ತೋಟದ ಲೈನ್ ಮನೆಯಲ್ಲಿ ಅವರ ಜೊತೆ ನಾನೂ ಇರುತ್ತಿದ್ದೆ. 2011ರಲ್ಲಿ ಒಂದನೇ ತರಗತಿಗೆ ಸೇರಿದವನು ಆ ವರ್ಷ ಮತ್ತು ಮರುವರ್ಷ ನಡುವಿನ ಮೂರು-ನಾಲ್ಕು ತಿಂಗಳು ಶಾಲೆಯಲ್ಲಿ ಇರಲೇ ಇಲ್ಲ.

ಹೀಗೆ ನಡುವೆ ಕಳೆದುಹೋಗುವ ಮಗುವಿಗೆ ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಅವನು ಬಿಟ್ಟುಹೋದಾಗ ಪಾಠ ಐದರಲ್ಲಿರುತ್ತದೆ, ಬಂದಾಗ ಹದಿನೈದರಲ್ಲಿರುತ್ತದೆ. ಪುಸ್ತಕ ಅವನಿಗಾಗಿ ಹಿಂದೆ ಬರುವುದಿಲ್ಲ. ಅವನು ಹಿಂದಿನ ಸಾಲಿಗೆ ಹೋಗಿ ಕೂರುತ್ತಾನೆ. ಯಾರೂ ಕೇಳದಿದ್ದರೆ ಅಲ್ಲೇ ಕೂತಿರುತ್ತಾನೆ. ಒಂದು ದಿನ ಅಲ್ಲಿಯೂ ಇರುವುದಿಲ್ಲ.

ನನಗೆ ಹಾಗಾಗಲಿಲ್ಲ. ಅದಕ್ಕೆ ಒಂದು ಕಾರಣ ನಲಿಕಲಿ, ಇನ್ನೊಂದು ಕಾರಣ ಅಕ್ಕೋರು.

ನಲಿಕಲಿ ಪದ್ಧತಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಅಂದರೆ ನಾನು ಶಾಲೆಗೆ ಸೇರುವ ಹೊತ್ತಿಗೆ ನಮ್ಮೂರಿನಲ್ಲೂ ಇತ್ತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಿದ್ದೆವು. ಪಾಠಪುಸ್ತಕದ ಬದಲು ಕಾರ್ಡುಗಳು. ಗೋಡೆಯ ಕೆಳಭಾಗದಲ್ಲಿ ನಮ್ಮ ಕೈಗೆ ಎಟಕುವಷ್ಟು ಎತ್ತರಕ್ಕೆ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ನಾವು ಬರೆದ ಚಿತ್ರಗಳು ತೂಗುತ್ತಿದ್ದವು.

ಅಲ್ಲಿ ಅಕ್ಷರ ಕಲಿಸುವ ಕ್ರಮವೂ ಬೇರೆ. ‘ಅ ಆ ಇ ಈ’ ಅಲ್ಲ, ‘ರ ಗ ಸ ದ ಅ’. ಬರೆಯಲು ಸುಲಭವಾದ, ಒಂದರಂತೆ ಒಂದು ಕಾಣುವ ಅಕ್ಷರಗಳು ಮೊದಲು. ಐದು ಅಕ್ಷರ ಬಂದ ಕೂಡಲೇ ಮಗು ಅರಸ, ಅಗಸ, ಸರ, ದರ ಎಂದು ಪದ ಓದಬಹುದು. ನಮ್ಮ ಓಣಿಯ ಹಿರಿಯರಿಗೆ ಇದು ವಿಚಿತ್ರವಾಗಿ ಕಂಡಿತ್ತು. ‘ಅಕ್ಕೋರು ಹುಡುಗರಿಗೆ ಆಟ ಆಡಸ್ತಾರ, ಅ ಆ ಕಲಸೂದಿಲ್ಲ’ ಎಂದು ದೂರು ಹೇಳುತ್ತಿದ್ದರು. ಅಕ್ಕೋರು ಅವರೊಂದಿಗೆ ವಾದ ಮಾಡುತ್ತಿರಲಿಲ್ಲ. ಮಗುವಿನ ಕೈಗೆ ಕಾರ್ಡು ಕೊಟ್ಟು ‘ಅಜ್ಜಗ ಓದಿ ತೋರಸು’ ಎನ್ನುತ್ತಿದ್ದರು.

ಈ ಪದ್ಧತಿಯ ನಿಜವಾದ ಜೀವ ಇರುವುದು ಕಲಿಕಾ ಏಣಿಯಲ್ಲಿ. ಕಲಿಯಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಗೆ ಹಾಕಿರುತ್ತಾರೆ. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಯಾರು ಎಲ್ಲಿದ್ದಾರೆ ಎಂಬುದು ‘ಪ್ರಗತಿ ನೋಟ’ದ ಹಾಳೆಯಲ್ಲಿ ಗುರುತಾಗುತ್ತದೆ. ಒಂದು ಮಗು ಎರಡು ತಿಂಗಳು ಬರದಿದ್ದರೂ ತಿರುಗಿ ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನನ್ನಂಥ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಆದರೆ ಏಣಿ ಗೋಡೆಯ ಮೇಲಿದ್ದರೆ ಸಾಲದು, ಅದನ್ನು ಕಾಯುವವರು ಬೇಕು. ಮೊದಲ ಸಲ ತೋಟದಿಂದ ಬಂದು ಶಾಲೆಯ ಬಾಗಿಲಲ್ಲಿ ನಿಂತಾಗ ಅಕ್ಕೋರು ‘ಇಷ್ಟು ದಿನ ಎಲ್ಲಿ ಹೋಗಿದ್ದಿ’ ಎಂದು ಕೇಳಲಿಲ್ಲ. ಅದು ಅವರಿಗೆ ಗೊತ್ತಿತ್ತು. ‘ಬಾರೋ, ಕಾಫಿ ಹಣ್ಣು ಯಾವ ಬಣ್ಣ ಇರತೈತಿ, ಎಲ್ಲಾರಿಗೂ ಹೇಳು’ ಎಂದರು. ನಾನು ಹಸಿರು, ಹಳದಿ, ಕೆಂಪು ಎಂದು ಹೇಳಿದೆ. ಆ ಕೋಣೆಯಲ್ಲಿ ಕಾಫಿ ಗಿಡ ಕಂಡವನು ನಾನೊಬ್ಬನೇ. ಆಮೇಲೆ ಅವರು ಪ್ರಗತಿ ನೋಟದ ಹಾಳೆಯಲ್ಲಿ ನನ್ನ ಸಾಲಿನ ಮೇಲೆ ಬೆರಳಿಟ್ಟು ಹೇಳಿದ ಮಾತು ಇಂದಿಗೂ ನೆನಪಿದೆ: ‘ನೋಡು, ನೀ ಇಲ್ಲಿದ್ದಿ. ನಿನ್ನ ಮೆಟ್ಟಿಲ ಎಲ್ಲೂ ಓಡಿ ಹೋಗಿಲ್ಲ.’

ನನಗಿಂತ ಚಿಕ್ಕವರು ಮುಂದಿನ ಮೆಟ್ಟಿಲಲ್ಲಿದ್ದರು. ಅದರಿಂದ ನಾಚಿಕೆಯಾಗಲಿಲ್ಲ, ಏಕೆಂದರೆ ಆ ಕೋಣೆಯಲ್ಲಿ ನಾಚಿಕೆಪಡುವ ವಿಷಯವಾಗಿ ಅದನ್ನು ಯಾರೂ ನೋಡುತ್ತಿರಲಿಲ್ಲ. ಹಾಗೆ ನೋಡದಂತೆ ಮಾಡಿದ್ದೇ ಅಕ್ಕೋರ ಕೆಲಸ. ಆರೇಳು ವರ್ಷದ ಮೂವತ್ತು ಮಕ್ಕಳ ನಡುವೆ ಅಂಥ ಗಾಳಿ ತಾನಾಗಿ ಬೀಸುವುದಿಲ್ಲ.

ಎರಡನೇ ವರ್ಷ ನಾನು ತಿರುಗಿ ಬಂದ ಮೇಲೆ ಅವರು ನಮ್ಮ ಮನೆಗೆ ಬಂದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ‘ಮುಂದಿನ ವರ್ಷ ಇವನನ್ನ ಅಜ್ಜಿ ಕಡೆ ಬಿಟ್ಟು ಹೋಗ್ರಿ’ ಎಂದರು. ‘ಇವ ಕಲತು ಏನ್ ಮಾಡತಾನ್ರಿ ಅಕ್ಕೋರ?’ ಎಂದು ಅವ್ವ ಕೇಳಿದಳು. ಅದು ತಿರಸ್ಕಾರದ ಮಾತಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ‘ಮೊದಲ ಕಲೀಲಿ ಬಿಡವಾ. ಏನ್ ಮಾಡಬೇಕಂತ ಆಮ್ಯಾಲೆ ಅವನ ಹೇಳತಾನ’ ಎಂದರು ಅಕ್ಕೋರು. ನೀವು ಮಾಡುತ್ತಿರುವುದು ತಪ್ಪು ಎಂದು ಅವರು ಅವ್ವನಿಗೆ ಹೇಳಲಿಲ್ಲ. ಮಗನನ್ನು ಕರೆದುಕೊಂಡು ಹೋಗದೆ ಅವಳಿಗೆ ಬೇರೆ ದಾರಿ ಇರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮೂರನೇ ತರಗತಿಯಲ್ಲಿ ನಾನು ಅಜ್ಜಿಯ ಜೊತೆ ಉಳಿದೆ. ಶಾಲೆಯಲ್ಲಿ ಬಿಸಿಯೂಟವಿತ್ತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯವೂ ಶುರುವಾಗಿ ಹಾಲು ಸಿಗತೊಡಗಿತು. ಅಜ್ಜಿಗೆ ಅಷ್ಟು ಭಾರ ಕಡಿಮೆಯಾಯಿತು. ಮಗು ಶಾಲೆಯಲ್ಲಿ ಉಳಿಯಲು ಇಂಥ ಎಷ್ಟೋ ಸಣ್ಣ ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ಅವನ್ನು ಕೂಡಿಸಲು ಒಬ್ಬರು ಬಾಗಿಲಿಗೆ ಬರಬೇಕು.

ಆ ವರ್ಷ ಅವರು ಕಲಿಸಿದ ಕಳೆಯುವ ಲೆಕ್ಕದ ಬಗ್ಗೆ ಹೇಳಲೇಬೇಕು. ಮೂವತ್ತೆರಡರಲ್ಲಿ ಹದಿನೇಳು ಕಳೆ. ಎರಡರಲ್ಲಿ ಏಳು ಹೋಗುವುದಿಲ್ಲ. ಇಲ್ಲಿ ಎಲ್ಲರೂ ‘ಪಕ್ಕದ ಮನೆಯಿಂದ ಒಂದು ಕಡ ತಗೋ’ ಎಂದು ಬಾಯಿಪಾಠ ಮಾಡಿಸುತ್ತಾರೆ. ಮಗು ಮೂರನ್ನು ಹೊಡೆದುಹಾಕಿ ಎರಡು ಬರೆಯುತ್ತದೆ, ಎರಡರ ಹಿಂದೆ ಒಂದು ಬರೆಯುತ್ತದೆ, ಏಕೆಂದು ಅದಕ್ಕೆ ತಿಳಿದಿರುವುದಿಲ್ಲ. ಅಕ್ಕೋರು ಊದುಬತ್ತಿಯ ಕಡ್ಡಿಗಳನ್ನು ಕೂಡಿಟ್ಟಿದ್ದರು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಮೂರು ಕಟ್ಟು, ಎರಡು ಬಿಡಿ. ‘ಏಳು ಕೊಡು’ ಎನ್ನುತ್ತಿದ್ದರು. ನನ್ನ ಹತ್ತಿರ ಬಿಡಿ ಇದ್ದದ್ದು ಎರಡೇ. ಏನು ಮಾಡಬೇಕೆಂದು ಅವರು ಹೇಳುತ್ತಿರಲಿಲ್ಲ, ಕೂತು ನೋಡುತ್ತಿದ್ದರು. ಎರಡು ದಿನ ನೋಡಿದರು. ಮೂರನೇ ದಿನ ನಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚಿದೆ. ಹನ್ನೆರಡು ಬಿಡಿಯಾಯಿತು, ಏಳು ಕೊಟ್ಟೆ, ಐದು ಉಳಿಯಿತು. ಎರಡು ಕಟ್ಟಿನಲ್ಲಿ ಒಂದು ಕೊಟ್ಟೆ. ಹದಿನೈದು.

ಈಗ ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿಇ ಓದುತ್ತಿದ್ದೇನೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸಬ್‌ಟ್ರ್ಯಾಕ್ಟರ್ ಎಂಬ ಸರ್ಕ್ಯೂಟ್ ಬರುತ್ತದೆ. ಅದಕ್ಕೆ ಎರಡು ಔಟ್‌ಪುಟ್: ಒಂದು ಡಿಫರೆನ್ಸ್, ಇನ್ನೊಂದು ಬಾರೋ. ತರಗತಿಯಲ್ಲಿ ಹಲವರು ಟ್ರೂತ್ ಟೇಬಲನ್ನು ಬಾಯಿಪಾಠ ಮಾಡಿದರು. ನನಗೆ ಕಂಡದ್ದು ಊದುಬತ್ತಿ ಕಡ್ಡಿಗಳ ಕಟ್ಟು. ಅಲ್ಲಿ ಹತ್ತಕ್ಕೊಂದು ಕಟ್ಟು, ಇಲ್ಲಿ ಎರಡಕ್ಕೊಂದು ಕಟ್ಟು, ಅಷ್ಟೇ ವ್ಯತ್ಯಾಸ. ಕಟ್ಟು ಬಿಚ್ಚುವುದು ಗೊತ್ತಿದ್ದವನಿಗೆ ಬಾರೋ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ನನ್ನ ಬಿಇಯ ಬುಡದಲ್ಲಿ ನಮ್ಮೂರಿನ ಆ ಕೋಣೆ ಇದೆ ಎಂದು ನಾನು ಹೇಳುವುದು ಅಲಂಕಾರಕ್ಕಲ್ಲ, ಅದು ಹಾಗೆಯೇ ಇದೆ.

ಎರಡಂಕಿಯ ಈ ಕಳೆಯುವ ಲೆಕ್ಕ ಸಣ್ಣ ವಿಷಯವೆಂದು ನಿಮಗೆ ಅನ್ನಿಸಬಹುದು. ಪ್ರಥಮ್ ಸಂಸ್ಥೆ ನಡೆಸುವ ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಕೊಡುವ ಪರೀಕ್ಷೆಯಲ್ಲಿ ಇದೇ ಲೆಕ್ಕ ಇರುತ್ತದೆ. 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯ ಮಕ್ಕಳಲ್ಲಿ ಇದನ್ನು ಮಾಡಬಲ್ಲವರು ಶೇ 33.7. ಎರಡನೇ ತರಗತಿಯ ಮಟ್ಟದ ಪಠ್ಯವನ್ನು ಓದಬಲ್ಲವರು ಶೇ 27.1. ಕೋವಿಡ್ ನಂತರದ 2022ಕ್ಕೆ ಹೋಲಿಸಿದರೆ ಇದು ಸುಧಾರಣೆಯೇ, ಆಗ ಇವು ಶೇ 25.9 ಮತ್ತು ಶೇ 20.5 ಇದ್ದವು. ಆದರೂ ಮೂವರಲ್ಲಿ ಇಬ್ಬರು ಮಕ್ಕಳು ಕಟ್ಟು ಬಿಚ್ಚಲು ಕಲಿಯದೆಯೇ ಮೂರನೇ ತರಗತಿಯಲ್ಲಿದ್ದಾರೆ. ಮುಂದೆ ಭಿನ್ನರಾಶಿ, ಬೀಜಗಣಿತ, ಎಸ್ಸೆಸ್ಸೆಲ್ಸಿ ಎಲ್ಲವೂ ಇದರ ಮೇಲೆಯೇ ನಿಲ್ಲಬೇಕು. ‘ಗಣಿತ ನನಗೆ ಆಗಿಬರುವುದಿಲ್ಲ’ ಎನ್ನುವ ನಮ್ಮ ಎಷ್ಟೋ ಗೆಳೆಯರಿಗೆ ಆಗಿಬರದೇ ಹೋದದ್ದು ಗಣಿತವಲ್ಲ. ಅವರು ರಬ್ಬರ್ ಬಿಚ್ಚುವವರೆಗೆ ಕಾಯುವ ಒಬ್ಬರು ಸಿಗಲಿಲ್ಲ, ಅಷ್ಟೇ.

ನಾನು ಅಕ್ಕೋರ ಕೆಲಸವನ್ನು ಹೊರಗಿನಿಂದ ನೋಡಿದ್ದು 2020ರಲ್ಲಿ. ಆಗ ನಾನು ಹತ್ತನೇ ತರಗತಿ. ಶಾಲೆಗಳು ಮುಚ್ಚಿದ್ದವು. ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರುಮಾಡಿತು. ಶಿಕ್ಷಕರು ಓಣಿಗಳಿಗೆ ಬಂದು ಗುಡಿ, ಕಟ್ಟೆ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡುತ್ತಿದ್ದರು. ನಿವೃತ್ತಿಗೆ ಒಂದು ವರ್ಷವೂ ಇಲ್ಲದ ಅಕ್ಕೋರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ಅವರಿಗೆ ಹಲಗೆ ತಂದುಕೊಡುತ್ತಿದ್ದೆ. ಗೋವಾದಿಂದ ಅಪ್ಪ-ಅವ್ವನ ಜೊತೆ ಊರಿಗೆ ಬಂದಿದ್ದ ಒಬ್ಬ ಹುಡುಗ ಅಲ್ಲಿದ್ದ. ವಯಸ್ಸು ಎಂಟು, ಅಕ್ಷರ ಬರುತ್ತಿರಲಿಲ್ಲ. ಅಕ್ಕೋರು ಅವನ ಪಕ್ಕ ನೆಲಕ್ಕೆ ಕೂತು, ಅವನ ಕಣ್ಣಿನ ಎತ್ತರಕ್ಕೆ ತಮ್ಮ ಮುಖ ತಂದುಕೊಂಡು, ‘ಸಮುದ್ರ ನೋಡೀಯೇನೋ?’ ಎಂದು ಕೇಳಿದರು. ನಾನು ಕಾಫಿ ಹಣ್ಣಿನ ಬಣ್ಣ ಹೇಳಿದ ದಿನ ನನಗೆ ಏನಾಗಿತ್ತೆಂಬುದು ಅವನ ಮುಖ ನೋಡಿದಾಗ ಅರ್ಥವಾಯಿತು. ಅವರು ಅವತ್ತು ಬಾಯಿಗೆ ಬಂದದ್ದನ್ನು ಕೇಳಿರಲಿಲ್ಲ. ಅದು ಅವರ ವಿದ್ಯೆ. ಮಗುವಿಗೆ ಗೊತ್ತಿಲ್ಲದ್ದರಿಂದ ಶುರುಮಾಡದೆ ಗೊತ್ತಿರುವುದರಿಂದ ಶುರುಮಾಡುವ ವಿದ್ಯೆ.

ಇದು ವಿದ್ಯೆ ಎಂಬುದನ್ನೇ ನಾವು ಒಪ್ಪುವುದಿಲ್ಲ. ‘ಸಣ್ಣ ಮಕ್ಕಳಿಗೆ ಅ ಆ ಹೇಳಿಕೊಡಲು ಏನು ಮಹಾ ಬೇಕು’ ಎನ್ನುತ್ತೇವೆ. ಕಾಲೇಜಿನಲ್ಲಿ ಕಲಿಸುವವರು ದೊಡ್ಡವರು, ಹೈಸ್ಕೂಲಿನವರು ಅವರಿಗಿಂತ ಕೆಳಗೆ, ಪ್ರಾಥಮಿಕದವರು ಎಲ್ಲರಿಗಿಂತ ಕೆಳಗೆ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬಿ.ಇಡಿ ಮಾಡಿದವರೂ ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಬಹುದು ಎಂದು 2018ರಲ್ಲಿ ಎನ್‌ಸಿಟಿಇ ಅಧಿಸೂಚನೆ ಹೊರಡಿಸಿತ್ತು. ಅದನ್ನು ರಾಜಸ್ಥಾನ ಹೈಕೋರ್ಟ್ ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇಕಾದ ತರಬೇತಿ ಬೇರೆ, ಅದನ್ನು ಕೊಡುವುದು ಡಿ.ಎಲ್‌.ಇಡಿ ಕೋರ್ಸು, ಬಿ.ಇಡಿ ಅದಕ್ಕೆ ಬದಲಿಯಲ್ಲ ಎಂಬುದು ಅದರ ಸಾರ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಇದು ತಿಳಿದ ವಿಷಯ. ಅನೇಕರಿಗೆ ಅದರಿಂದ ನಿರಾಸೆಯೂ ಆಗಿದೆ. ಆದರೆ ‘ಸಣ್ಣ ತರಗತಿಗೆ ಯಾರಾದರೂ ಸಾಕು’ ಎಂಬ ಮಾತು ಸುಳ್ಳು ಎಂದು ದೇಶದ ದೊಡ್ಡ ನ್ಯಾಯಾಲಯವೇ ಹೇಳಿದಂತಾಯಿತು.

ನಮ್ಮ ಸುತ್ತಲಿನ ಸೀಮೆಯಲ್ಲೇ ನೋಡಿ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫರು ಕೆಲಕಾಲ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಹಾವೇರಿ ಸೀಮೆಯ ಗಳಗನಾಥರೂ ಶಾಲಾ ಮಾಸ್ತರರಾಗಿದ್ದವರು. ಷರೀಫರನ್ನು ನಾಡು ತತ್ವಪದಗಳಿಗಾಗಿ ನೆನೆಯುತ್ತದೆ. ಗಳಗನಾಥರನ್ನು ಕಾದಂಬರಿಗಳಿಗಾಗಿ, ಆ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದಕ್ಕಾಗಿ ನೆನೆಯುತ್ತದೆ. ಅವರು ಯಾವ ಮಕ್ಕಳಿಗೆ ಅಕ್ಷರ ತಿದ್ದಿಸಿದರು, ಆ ಮಕ್ಕಳು ಏನಾದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ದೊರೆ ಕೀರ್ತಿವರ್ಮನ ಹೆಸರಿರುವ ಶಾಸನ ಸಿಕ್ಕಿದೆ. ಜಿನಾಲಯಕ್ಕೆ ಕೊಟ್ಟ ದಾನದ ಶಾಸನ ಅದು. ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯದು. ದೊರೆಯ ಹೆಸರು ಉಳಿಯಿತು, ದಾನದ ಮಾತು ಉಳಿಯಿತು. ಆ ಕಲ್ಲನ್ನು ಕೆತ್ತಿದವನಿಗೆ ಅಕ್ಷರ ಕಲಿಸಿದವರು ಯಾರು ಎಂಬುದು ಯಾವ ಕಲ್ಲಿನ ಮೇಲೂ ಇಲ್ಲ. ಮೊದಲ ಅಕ್ಷರ ಕಲಿಸುವ ಕೆಲಸದ ಸ್ವಭಾವವೇ ಹಾಗೆ. ಅದು ಇನ್ನೊಬ್ಬರ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಎಲ್ಲ ಪ್ರಾಥಮಿಕ ಶಿಕ್ಷಕರೂ ನಮ್ಮ ಅಕ್ಕೋರಂತೆ ಇರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಹೊಡೆಯಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಆದರೂ ಹೊಡೆಯುವವರಿದ್ದಾರೆ. ಮೊಬೈಲ್ ನೋಡುತ್ತ ಕೂರುವವರೂ ಇದ್ದಾರೆ. ‘ಸರ್ಕಾರಿ ಸಂಬಳ, ಬೇಸಿಗೆ ರಜೆ, ಅವರಿಗೇನು ಕಮ್ಮಿ’ ಎಂದು ನಮ್ಮ ಮನೆಗಳಲ್ಲಿ ಮಾತಾಡುತ್ತಾರೆ. ಆ ಸಿಟ್ಟಿಗೆ ಕಾರಣವಿದೆ. ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಅದೇ ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ಅರವತ್ತು ಮಕ್ಕಳಿದ್ದರೆ ಇಬ್ಬರು ಶಿಕ್ಷಕರಿದ್ದರೆ ಸಾಕು. ಐದು ತರಗತಿ, ಇಬ್ಬರು ಶಿಕ್ಷಕರು. ಅದರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ದಾಖಲಾತಿ, ಆನ್‌ಲೈನ್ ಮಾಹಿತಿ ತುಂಬುವುದರಲ್ಲಿ ಇರುತ್ತಾರೆ. ಜನಗಣತಿ, ಚುನಾವಣೆ, ವಿಪತ್ತಿನ ಕೆಲಸಗಳಿಗೆ ಶಿಕ್ಷಕರನ್ನು ಕರೆಯಲು ಕಾಯ್ದೆಯಲ್ಲೇ ಅವಕಾಶವಿದೆ. ಮಗು ಕಟ್ಟು ಬಿಚ್ಚುವವರೆಗೆ ಎರಡು ದಿನ ಕಾಯಬೇಕಾದರೆ ಶಿಕ್ಷಕರಿಗೆ ಆ ಎರಡು ದಿನ ಇರಬೇಕಲ್ಲ?

ನಮ್ಮ ಅಕ್ಕೋರು ಆ ಸಮಯವನ್ನು ಎಲ್ಲಿಂದ ತಂದರು? ಹಾನಗಲ್ಲಿನಿಂದ ಬರುವ ಬೆಳಗಿನ ಮೊದಲ ಬಸ್ಸಿಗೆ ಬಂದು ಶಾಲೆಯ ಗಂಟೆಗೆ ಮೊದಲೇ ಕಾರ್ಡು ಜೋಡಿಸುತ್ತಿದ್ದರು. ಸಂಜೆ ಬಸ್ಸು ಬರುವವರೆಗೆ ಪ್ರಗತಿ ನೋಟ ತುಂಬುತ್ತಿದ್ದರು. ಅಂದರೆ ತಮ್ಮ ಜೀವನದಿಂದ ತಂದರು. ಒಬ್ಬರು ಹಾಗೆ ಮಾಡಿದರೆ ಹೊಗಳಬಹುದು. ಆದರೆ ಒಂದು ರಾಜ್ಯದ ಮಕ್ಕಳ ಕಲಿಕೆ ಒಬ್ಬೊಬ್ಬರ ತ್ಯಾಗದ ಮೇಲೆ ನಡೆಯಬಾರದು. ಎಲ್ಲ ಹುದ್ದೆಗಳನ್ನು ತುಂಬಿ, ನಲಿಕಲಿ ಕೋಣೆಗೆ ಪೂರ್ಣ ಸಮಯದ ಶಿಕ್ಷಕರನ್ನು ಕೊಟ್ಟು, ಅವರನ್ನು ಕಾಗದದ ಕೆಲಸದಿಂದ ಬಿಡಿಸಿದರೆ ಸಾಧಾರಣ ಶಿಕ್ಷಕರೂ ಒಳ್ಳೆಯ ಶಿಕ್ಷಕರಾಗಬಲ್ಲರು. ಮೂರನೇ ತರಗತಿ ಮುಗಿಯುವ ಹೊತ್ತಿಗೆ ಎಲ್ಲ ಮಕ್ಕಳಿಗೂ ಓದು, ಲೆಕ್ಕ ಬರಬೇಕೆಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ‘ನಿಪುಣ್ ಭಾರತ್’ ಶುರುಮಾಡಿ 2026-27ರ ಗಡುವು ಇಟ್ಟುಕೊಂಡಿದೆ. ಗುರಿ ಸರಿಯಾಗಿದೆ. ಗುರಿ ಮುಟ್ಟಿಸುವವರು ನೆಲದ ಮೇಲೆ ಮಗುವಿನ ಪಕ್ಕ ಕೂರುವವರೇ ಹೊರತು ಗುರಿ ಬರೆದವರಲ್ಲ.

ಇನ್ನು ನಮ್ಮ ಪಾಲಿನ ಮಾತು. ಅಕ್ಕೋರು ತೀರಿಕೊಂಡ ವಾರ ಊರಿನ ಹುಡುಗರು ಹಣ ಕೂಡಿಸಿ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಹಾಕಿದರು. ಅದರಲ್ಲಿ ತಪ್ಪಿಲ್ಲ. ನಾನೂ ಐವತ್ತು ರೂಪಾಯಿ ಕೊಟ್ಟೆ. ಆದರೆ ಫ್ಲೆಕ್ಸ್ ಎರಡು ಮಳೆಗೆ ಬಣ್ಣ ಬಿಡುತ್ತದೆ. ಅವರನ್ನು ನೆನೆಯಲು ಬೇರೆ ಏನಾದರೂ ಮಾಡೋಣವೆಂದು ಅವರ ಕೈಯಲ್ಲಿ ಕಲಿತ ನಾವು ಆರು ಜನ ಮಾತಾಡಿಕೊಂಡೆವು. ರಜೆಗೆ ಊರಿಗೆ ಹೋದಾಗ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಶಾಲೆ ಬಿಟ್ಟ ಮೇಲೆ ಒಂದು ತಾಸು ಸಣ್ಣ ಮಕ್ಕಳ ಜೊತೆ ಕೂತೆವು. ಊದುಬತ್ತಿಯ ಕಡ್ಡಿ, ರಬ್ಬರ್ ಬ್ಯಾಂಡ್, ಅಷ್ಟೇ ಸಾಮಾನು.

ಮೊದಲ ದಿನವೇ ನಮಗೆ ಗೊತ್ತಾದದ್ದು ಇದು: ಉತ್ತರ ಹೇಳದೆ ಸುಮ್ಮನಿರುವುದು ಬಹಳ ಕಷ್ಟ. ಮಗು ಕಡ್ಡಿ ಹಿಡಿದು ಸುಮ್ಮನೆ ಕೂತಾಗ ಬಾಯಿ ತಾನಾಗಿ ತೆರೆಯುತ್ತದೆ. ಒಂದು ತಾಸಿಗೆ ನಮಗೆ ಸಾಕಾಗಿಹೋಯಿತು. ಅಕ್ಕೋರು ಅದನ್ನು ದಿನಕ್ಕೆ ಆರು ತಾಸು, ಇಡೀ ಒಂದು ನೌಕರಿಯ ಕಾಲ ಮಾಡಿದರು. ನಾವು ಶಿಕ್ಷಕರಿಗೆ ಬದಲಿ ಅಲ್ಲ, ಆಗಲೂ ಬಾರದು. ರಜೆಯಲ್ಲಿ ಬಂದು ಹೋಗುವವರಿಂದ ಶಾಲೆ ನಡೆಯುವುದಿಲ್ಲ. ಆದರೆ ಕಾಯುವುದೆಂದರೆ ಏನೆಂದು ಒಮ್ಮೆ ಕೂತು ನೋಡಿದವರು ಪ್ರಾಥಮಿಕ ಶಿಕ್ಷಕರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಶಾಲೆಯಲ್ಲಿ ಹುದ್ದೆ ಖಾಲಿ ಇದ್ದರೆ ಯಾಕೆ ಖಾಲಿ ಇದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳುತ್ತಾರೆ. ಅಷ್ಟಾದರೂ ಲಾಭವೇ.

ನಮ್ಮ ಆರು ಜನರಲ್ಲಿ ಒಬ್ಬಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದು ಡಿ.ಎಲ್‌.ಇಡಿಗೆ ಸೇರಿದವಳು. ‘ಅಷ್ಟು ಮಾರ್ಕ್ಸ್ ಇಟ್ಟುಕೊಂಡು ಕನ್ನಡ ಸಾಲಿ ಅಕ್ಕೋರು ಆಗ್ತೀಯಾ?’ ಎಂದು ಸಂಬಂಧಿಕರು ಕೇಳುತ್ತಾರಂತೆ. ನಾನು ಬಿಇಗೆ ಸೇರಿದಾಗ ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಇಬ್ಬರೂ ಅದೇ ಕೋಣೆಯಲ್ಲಿ ‘ರ ಗ ಸ ದ ಅ’ ಕಲಿತವರು. ನಾನು ಕಟ್ಟುವ ಸರ್ಕ್ಯೂಟನ್ನು ನಾಳೆ ಇನ್ನೊಬ್ಬ ಎಂಜಿನಿಯರ್ ಕಟ್ಟಬಲ್ಲ. ಅವಳು ಕಲಿಸಲಿರುವ ಮಗುವಿಗೆ ಒಂದನೇ ತರಗತಿ ಎರಡನೇ ಸಲ ಬರುವುದಿಲ್ಲ. ಯಾರ ಕೆಲಸ ದೊಡ್ಡದು ಎಂಬ ಜಗಳ ನನಗೆ ಬೇಡ. ಆದರೆ ಆ ಪ್ರಶ್ನೆಯನ್ನು ಅವಳಿಗೆ ಕೇಳುವುದನ್ನು ನಾವು ಬಿಡೋಣ. ಕೆಲಸ ಹುಡುಕುತ್ತಿರುವ ಗೆಳೆಯರೇ, ‘ಏನೂ ಸಿಗದಿದ್ದರೆ ಮಾಸ್ತರಿಕೆ’ ಎಂದು ಮಾತ್ರ ಈ ಕೆಲಸಕ್ಕೆ ಹೋಗಬೇಡಿ. ಸುಮ್ಮನೆ ಕೂತು ಕಾಯಲು ಬರುತ್ತದೆ ಎಂದಾದರೆ, ಬೇರೆ ಏನೇ ಸಿಕ್ಕರೂ ಇದನ್ನೊಮ್ಮೆ ಯೋಚಿಸಿ.

ನಾವು ಬೆಳೆಯುತ್ತಿರುವ ಲೋಕ ಕಾಯುವುದಿಲ್ಲ. ಸೆಮಿಸ್ಟರ್ ಕಾಯುವುದಿಲ್ಲ, ಪ್ಲೇಸ್‌ಮೆಂಟ್ ಕಾಯುವುದಿಲ್ಲ, ಅರ್ಜಿಯ ಕೊನೆಯ ದಿನ ಕಾಯುವುದಿಲ್ಲ. ನಡುವೆ ನಾಲ್ಕು ತಿಂಗಳು ಕಳೆದುಹೋದವನ ಜಾಗ ಮರುದಿನವೇ ಇನ್ನೊಬ್ಬರದು. ಇಂಥ ಲೋಕದಲ್ಲಿ ನಾವು ನಿಂತಿರುವುದು ಆರು ವರ್ಷದವರಾಗಿದ್ದಾಗ ಯಾರೋ ಒಬ್ಬರು ನಮ್ಮ ಜಾಗವನ್ನು ಕಾಯ್ದಿಟ್ಟಿದ್ದರಿಂದ. ಈ ದೀಪಾವಳಿ ಮುಗಿದ ಮೇಲೂ ನಮ್ಮ ಕಡೆಯಿಂದ ಮಕ್ಕಳು ಅಪ್ಪ-ಅವ್ವನ ಜೊತೆ ಕಾಫಿ ತೋಟಕ್ಕೆ, ಗೋವಾಕ್ಕೆ ಹೋಗುತ್ತಾರೆ. ಶಿವರಾತ್ರಿ ಹೊತ್ತಿಗೆ ತಿರುಗಿ ಬಂದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಅಲ್ಲಿ ಒಬ್ಬರು ಇರಬೇಕು.